ಕಡೆಯ ನುಡಿಯ ಹೆಸರು

ಕ್ಷಮಾವಾಣಿಯ ದಿನ ಕಲ್ಲೋಳಿಯ ಮಯೂರಿ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿದಳು. ಓಂಕಾರನೊಬ್ಬನನ್ನು ಬಿಟ್ಟಳು.

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರ ಮನೆಗಳಲ್ಲಿ ನಡೆದುಬಂದ ಪದ್ಧತಿ ಅದು. ವರ್ಷವಿಡೀ ತಿಳಿದೋ ತಿಳಿಯದೆಯೋ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಆ ದಿನ 'ಉತ್ತಮ ಕ್ಷಮಾ' ಎಂದು ಬೇಡಿಕೊಳ್ಳಬೇಕು. ಮಯೂರಿ ಅತ್ತೆ ರಾಜಮತಿಯ ಕಾಲಿಗೆ ಬಿದ್ದಳು, ಓಣಿಯ ಹೆಂಗಸರಿಗೆಲ್ಲ ಕೇಳಿದಳು, ತಾನು ದಿನಾ ಚೌಕಾಸಿ ಮಾಡಿ ಗೋಳು ಹೊಯ್ದುಕೊಳ್ಳುತ್ತಿದ್ದ ಕಾಯಿಪಲ್ಲೆಯವಳಿಗೂ ಕೇಳಿದಳು. ಗಿರಣಿಯ ಹಿಟ್ಟು ಕೊಡವಿಕೊಳ್ಳುತ್ತ ಒಳಗೆ ಬಂದ ಗಂಡ ಗೊಮ್ಮಟೇಶ, "ಮೂಡಲಗಿ ಓಂಕಾರಗೂ ಒಂದು ಫೋನ್ ಹಚ್ಚಿಬಿಡು. ನಿನ್ನ ಮನಸ್ಸೂ ಹಗುರ ಆಕ್ಕೈತಿ," ಎಂದ.

"ಅಂವಗ ನಾ ಇನ್ನೂ ಏನೂ ಮಾಡೇ ಇಲ್ರಿ," ಎಂದಳು ಮಯೂರಿ. "ಮಾಡಲಾರದ ತಪ್ಪಿಗೆ ಕ್ಷಮಾ ಹೆಂಗ ಕೇಳೂದು? ಮೊದಲ ಮಾಡೂದು ಮಾಡ್ತೇನಿ, ಆಮ್ಯಾಲ ಕೇಳ್ತೇನಿ."

"ಅವನ ಕರ್ಮ ಅವನ್ನ ನೋಡ್ಕೊಂತೈತಿ, ಬಿಡು."

"ಕರ್ಮಕ್ಕ ಭಾಳ ಕೆಲಸ ಇರ್ತಾವ್ರಿ. ಇದನ್ನ ನಾನಽ ನೋಡ್ಕೊಂತೇನಿ."

ಗೊಮ್ಮಟೇಶ ಒಳ್ಳೆಯ ಮನುಷ್ಯ. ಸಿಟ್ಟು ಬಂದವರ ಹತ್ತಿರ ಒಳ್ಳೆಯ ಮನುಷ್ಯರಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಅವನು ಗಿರಣಿಗೆ ಹೊರಟುಹೋದ.

ಅಂಥದ್ದೇನು ಮಾಡಿದ್ದ ಓಂಕಾರ? ಹೇಳಿದರೆ ನಿಮ್ಮ ಹೊಟ್ಟೆಯೂ ಉರಿಯಬೇಕು, ಕೇಳಿ.

ಮಯೂರಿಯ ತವರು ಹುಕ್ಕೇರಿ. ಅಪ್ಪ ನೇಮಣ್ಣ ಬಸದಿಯ ಪೂಜೆಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು. ಮಗಳಿಗೂ ಅದೇ ಹುಚ್ಚು ಹಿಡಿಸಿದ. ಮದುವೆಯಾಗಿ ಕಲ್ಲೋಳಿಗೆ ಬರುವಾಗ ಆಕೆ ಪಾತ್ರೆಪಗಡದ ಜೊತೆಗೆ ಒಂದು ಹಳೆಯ ಕೀಬೋರ್ಡನ್ನೂ ತಂದಿದ್ದಳು. ಎಡಗೈಯಲ್ಲಿ ಒಂದು ಕಾರ್ಡ್, ಅಂದರೆ ಮೂರು ಸ್ವರಗಳನ್ನು ಒಟ್ಟಿಗೆ, ಹಿಡಿದರೆ ಢೋಲಕ್ಕು, ತಂತಿ, ತಾಳ ಎಲ್ಲ ಒಟ್ಟಿಗೆ ಹೊರಡುವ ಪೆಟ್ಟಿಗೆ ಅದು. ಬಲಗೈಗೆ ಧಾಟಿ ನುಡಿಸುವುದಷ್ಟೇ ಕೆಲಸ. ಆದರೆ ಅದಕ್ಕೆ ಒಂದೇ ಹಾಡಿನ ನೆನಪು. ಹೊಸದನ್ನು ತುಂಬಿದಿರೋ, ಹಳೆಯದು ಅಳಿಸಿಹೋಯಿತು. ಹೀಗಾಗಿ ಮಯೂರಿ ತನ್ನ ಹಾಡುಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ರೊಟ್ಟಿ ಬಡಿಯುವಾಗ ಒಂದು ಸಾಲು, ಗಿರಣಿಯಲ್ಲಿ ಗೋಧಿ ಸುರಿಯುವಾಗ ಒಂದು ಸಾಲು ಎಂದು ಕಟ್ಟುತ್ತಿದ್ದಳು. ಕಲ್ಲೋಳಿ, ತುಕ್ಕಾನಟ್ಟಿಯ ಪೂಜೆಗಳಿಗೆ ಆಕೆಯನ್ನೇ ನುಡಿಸಲು ಕರೆಯುತ್ತಿದ್ದರು.

ಹಾಗೆ ಕಟ್ಟಿದ್ದೇ ನಮ್ಮ ಹೊಳೆಗೆ ಅಡ್ಡ ಕಟ್ಟಿದ ಧುಪದಾಳದ ಒಡ್ಡಿನ ಹಾಡು. 'ಧುಪದಾಳ ಒಡ್ಡಿನ ಮ್ಯಾಲ ನೀರು ಹಾಯ್ತಾವ, ಮಾತು ಕೊಟ್ಟಾಂವ ಎಲ್ಲಿ ಹೋದ್ಯೋ' ಎಂದು ಶುರುವಾಗುವ ಹಾಡು. ನಮ್ಮ ಕಡೆ ಪದ ಕಟ್ಟಿದವರು ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ತಮ್ಮ ಹೆಸರು, ಊರು, ಓಣಿ ಹೇಳಿಯೇ ಮುಗಿಸಬೇಕು. ಮೊದಲ ನುಡಿಗೆ ಕುಣಿದವರೂ ಕಡೆಯ ನುಡಿಗೆ ಕಿವಿ ಕೊಡುತ್ತಾರೆ: ಯಾರದಪ್ಪಾ ಇದು? ಹೆಸರಿಲ್ಲದ ಪದವೆಂದರೆ ಅಪ್ಪನಿಲ್ಲದ ಮಗುವಿದ್ದ ಹಾಗೆ. ಮಯೂರಿಯೂ ಕಟ್ಟಿದ್ದಳು:

ಊರು ಕಲ್ಲೋಳಿ, ಗಿರಣಿಯ ಓಣಿ
ಪದಾ ಕಟ್ಟ್ಯಾಳೋ ಮಯೂರಿ ಜಾಣಿ

ಮೂಡಲಗಿಯಲ್ಲಿ ಓಂಕಾರನ ಸ್ಟುಡಿಯೋ. ಹಾಡುಗಾರ, ಮದುವೆ ಕಾರ್ಯಕ್ರಮಗಳ ಮುಂದಾಳು, ಮಾತಿಗೆ ನಿಂತರೆ ಬೆಲ್ಲದ ಅಚ್ಚು. ಮಯೂರಿ ಅವನ ಕೀಬೋರ್ಡಿನಲ್ಲಿ ತಾಳ ಕೂಡಿಸಿ, ಧಾಟಿ ನುಡಿಸಿ, ಕಡೆಯ ನುಡಿಯವರೆಗೆ ಹಾಡಿ, ಎಲ್ಲ ತುಂಬಿಸಿಕೊಟ್ಟು ಬಂದಳು. "ಭಾರೀ ಕಟ್ಟೀದಿ ತಂಗಿ, ಬಿಡುಗಡೆ ಮಾಡಿಬಿಡೂಣು," ಎಂದ. ಮಾಡಿದ. ಹಾಡು ಬೆಂಕಿಯಂತೆ ಹಬ್ಬಿತು, ಟ್ರ್ಯಾಕ್ಟರುಗಳಲ್ಲಿ, ಪಾನಪಟ್ಟಿ ಅಂಗಡಿಗಳಲ್ಲಿ, ಎಲ್ಲರ ಫೋನುಗಳಲ್ಲಿ. ಆದರೆ ಹಾಡಿದ್ದು ಓಂಕಾರ. ಕಡೆಯ ನುಡಿಯಲ್ಲಿ ಇದ್ದದ್ದು: 'ಊರು ಮೂಡಲಗಿ, ಬಜಾರದ ಓಣಿ, ಪದಾ ಕಟ್ಟ್ಯಾನೋ ಓಂಕಾರ ಜಾಣ.'

ಓಣಿಗೂ ಜಾಣಗೂ ಪ್ರಾಸ ಕೂಡುತ್ತದೇನ್ರಿ? ಕದ್ದವನು ಕದ್ದ ಮಾಲನ್ನಾದರೂ ನೆಟ್ಟಗೆ ಇಟ್ಟುಕೊಳ್ಳಬೇಡವೇ!

ಇಷ್ಟೇ ಆಗಿದ್ದರೆ ಮಯೂರಿ ಹಲ್ಲು ಕಚ್ಚಿ ಸಹಿಸುತ್ತಿದ್ದಳೋ ಏನೋ. ಆದರೆ ಆಕೆ ಅಪ್ಪನಿಗೆ ಮೊದಲೇ ಫೋನ್ ಮಾಡಿ, "ಕಡೀ ನುಡಿ ತನಕ ಕೇಳ್ರಿ ಅಪ್ಪಾ," ಎಂದು ಹೇಳಿಟ್ಟಿದ್ದಳು. ನೇಮಣ್ಣ ಹುಕ್ಕೇರಿಯ ಬಸದಿಯ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿ, "ನನ್ನ ಮಗಳ ಪದಾ, ಹೆಸರು ಬರತೈತಿ ನೋಡ್ರಿ," ಎಂದು ಹಾಡು ಹಚ್ಚಿದ್ದ. ಬಂದ ಹೆಸರು ಓಂಕಾರನದು. ಕೂತವರಲ್ಲಿ ಒಬ್ಬ ಕಿಸಕ್ಕನೆ ನಕ್ಕನಂತೆ. ಆ ಸಂಜೆ ನೇಮಣ್ಣ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಿನ್ನ ಹೆಸರು ಎಲ್ಲೈತಿ ಮಗಳ?"

ಮರುದಿನವೇ ಮಯೂರಿ ಮೂಡಲಗಿಗೆ ಹೋಗಿ ತನ್ನ ಹೆಸರು ಎಲ್ಲಿ ಎಂದು ಕೇಳಿದಳು. ಓಂಕಾರ ಚಹಾ ತರಿಸಿದ. "ಸಿಟ್ಟಾಗಬ್ಯಾಡ ತಂಗಿ. ಕಡೀ ನುಡಿಯಾಗ ಹೆಣ್ಮಕ್ಕಳ ಹೆಸರು ಬಂದ್ರ ಪದಾ ಹಗುರ ಆಕ್ಕೈತಿ, ಜನಾ ಲಗ್ನದಾಗ ಹಚ್ಚಂಗಿಲ್ಲ. ಫೋನಿನ್ಯಾಗ ಹಾಡಿನ ಕೆಳಗ ನಿಮ್ಮ ಊರ ಹೆಸರು ಹಾಕೇನಲ್ಲ, ನೋಡು." ತೋರಿಸಿದ. 'ಸಹಕಾರ: ಕಲ್ಲೋಳಿ ಗೆಳೆಯರ ಬಳಗ' ಎಂದಿತ್ತು.

ಗೆಳೆಯರ ಬಳಗವಂತೆ! ಮಯೂರಿ ಚಹಾ ಮುಟ್ಟಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಆಗಲ್ರಿ ಅಣ್ಣಾರ," ಎಂದು ಎದ್ದು ಬಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ತನ್ನ ಮಾನ ನಾಲ್ಕು ಜನರ ಮುಂದೆ ಹೋಯಿತು, ನಾನೂರು ಜನರ ಮುಂದೆ ಬರಬೇಕು, ಅದೂ ಅವನ ಕೈಯಿಂದಲೇ ಬರಬೇಕು ಎಂದು ಬಸ್ಸಿನಲ್ಲಿ ಕೂತು ನಿಶ್ಚಯಿಸಿದಳು. ಹೇಗೆ ಎಂಬುದು ಗೊತ್ತಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಓಂಕಾರ ಒಂದು ದಿನ ಬಂದೇ ಬರುತ್ತಾನೆ ಎಂದು ಕಾದಳು. ನಡುವೆ ಆ ಕ್ಷಮಾವಾಣಿಯೂ ಬಂದು ಹೋಯಿತು.

ದೀಪಾವಳಿ ಕಳೆದ ಮೇಲೆ ಓಂಕಾರನ ಫೋನ್ ಬಂತು. "ತಂಗಿ, ಹೊಸಾ ಕೀಬೋರ್ಡ್ ತಗೋಬೇಕಂತ ಮಾಡೇನಿ. ನಿನ್ನಷ್ಟು ಅದರಾಗ ತಿಳಿದಾವರು ನಮ್ಮ ಕಡೆ ಯಾರದಾರ? ಗೋಕಾಕಕ್ಕ ಬಂದು ಎರಡು ನೋಡಿ, ಯಾವದು ಚಲೋ ಹೇಳು. ಆಮ್ಯಾಲ ನನ್ನ ಹಾಡಿನ ತಾಳ ಎಲ್ಲಾ ಅದಕ್ಕ ಕೂಡಿಸಿಕೊಡು."

ನನ್ನ ಹಾಡು! ಮಯೂರಿ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಪಟ್ಟನೆ ಬಡಿದಳು. ದನಿ ಮಾತ್ರ ತಣ್ಣಗಿತ್ತು. "ಬರ್ತೇನ್ರಿ ಅಣ್ಣಾರ. ಅದಕ್ಕೇನಂತ."

ಗೋಕಾಕದಲ್ಲಿ ಖಂಡೆಪ್ಪ ಕಾಕಾನ ವಾದ್ಯಗಳ ಅಂಗಡಿ. ಕಾಕಾ ಎರಡು ಕೀಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು ವೈರು ಚುಚ್ಚಿದ. ಒಂದು ಕರಿಯದು, ಇನ್ನೊಂದು ಬೂದಿ ಬಣ್ಣದ್ದು. ಓಂಕಾರ ಸ್ಟೂಲು ಎಳೆದುಕೊಂಡು ಫೋನು ನೋಡುತ್ತ ಕೂತ. ಮಯೂರಿ ಮೊದಲು ಕರಿಯದರ ಮುಂದೆ ನಿಂತಳು.

ಏನು ಹೇಳಲಿ ಆ ಕರಿಯದರ ಗುಣ! ಎಡಗೈಯಲ್ಲಿ ಕಾರ್ಡುಗಳನ್ನು ಒಂದು ಸುತ್ತು ನುಡಿಸಿ ಗುಂಡಿ ಒತ್ತಿದರೆ, ಅದೇ ಸುತ್ತನ್ನು ತಾನೇ ತಿರುಗಿಸುತ್ತ ಹೋಗುತ್ತದೆ. ಎರಡೂ ಕೈ ಖಾಲಿ. ಹಾಡಿಕೊಳ್ಳಿ, ಧಾಟಿ ಹುಡುಕಿಕೊಳ್ಳಿ, ಬೇಕಾದರೆ ಒಲೆಯ ಮೇಲಿನ ಸಾರು ನೋಡಿಬನ್ನಿ, ಅದು ಕಾಯುತ್ತದೆ. ಢೋಲಕ್ಕು ಬೇರೆ, ಕೊಳಲು ಬೇರೆ, ತಂತಿ ಬೇರೆ ಎಂದು ಪದರ ಪದರವಾಗಿ ತುಂಬಬಹುದು. ಕೊಳಲು ತಪ್ಪಿತೇ? ಕೊಳಲೊಂದನ್ನೇ ಅಳಿಸಿ ಮತ್ತೆ ನುಡಿಸಿ, ಉಳಿದದ್ದು ಹಾಗೇ ಇರುತ್ತದೆ. ಒಂದೇ ಹಾಡಿನ ನೆನಪಿನ ಪೆಟ್ಟಿಗೆಯ ಮುಂದೆ ಇಷ್ಟು ವರ್ಷ ಏಗಿದ ಮಯೂರಿಗೆ ಕಣ್ಣು ತುಂಬಿ ಬಂತು. ಇದು ತನ್ನ ಮನೆಯಲ್ಲಿ ಇದ್ದಿದ್ದರೆ!

ಆಮೇಲೆ ಬೂದಿ ಬಣ್ಣದ್ದು. ಹಾಡು ಕಟ್ಟುವವರಿಗೆ ಇದು ಮಲತಾಯಿ. ಕಾರ್ಡು ತಿರುಗಿಸುವುದಿಲ್ಲ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ನುಡಿಸಿ ತುಂಬಬೇಕು, ನಡುವೆ ಒಂದು ಬೆರಳು ತಪ್ಪಿದರೆ ಮತ್ತೆ ಮೊದಲಿನಿಂದ. ಆದರೆ ಇದಕ್ಕೊಂದು ಬೇರೆ ವಿದ್ಯೆ ಇತ್ತು. ಮೈಕಿನಲ್ಲಿ ಯಾವ ಸದ್ದನ್ನಾದರೂ ಹಿಡಿದು, ತುಂಡು ಮಾಡಿ, ತಾಳದೊಳಗೇ ಕೂಡಿಸಬಹುದು. ಹಲಗೆವಾದ್ಯದ ಏಟು ಬೀಳುವ ಜಾಗದಲ್ಲಿ ಮನುಷ್ಯನ ಮಾತು ಬೀಳುತ್ತದೆ.

ಮಯೂರಿಯ ಬೆರಳು ಅಲ್ಲೇ ನಿಂತಿತು. ನಿಧಾನವಾಗಿ ಎರಡರಲ್ಲೂ ಒಂದೊಂದು ತಾಳ ಹಚ್ಚಿ, ಎಂಡಿಂಗ್ ಗುಂಡಿ ಒತ್ತಿ ನೋಡಿದಳು. ಹಾಡು ಮುಗಿಸುವಾಗ ಒತ್ತುವ ಗುಂಡಿ ಅದು. ಒತ್ತಿದರೆ ಮುಕ್ತಾಯದ ಪೆಟ್ಟುಗಳನ್ನು ತಾನೇ ಬಾರಿಸಿ ನಿಲ್ಲುತ್ತದೆ. ಮುಕ್ತಾಯ ನಡೆದಿರುವಾಗಲೇ ಮತ್ತೊಮ್ಮೆ ಒತ್ತಿದಳು. ಕರಿಯದು ತಟ್ಟನೆ ನಿಂತುಬಿಟ್ಟಿತು. ಬೂದಿ ಬಣ್ಣದ್ದು ನಿಲ್ಲಲಿಲ್ಲ. ಗತಿ ಇಳಿಸಿ, ಒಂದೊಂದೇ ಏಟನ್ನು ಬಿಡಿಸಿ ಬಿಡಿಸಿ ಬಾರಿಸಿ ಮುಗಿಸಿತು. ಮಯೂರಿ ಅದನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಆಕೆಯ ಮುಖದಲ್ಲಿ ಮೂಡಿದ ನಗು ಕಂಡಿದ್ದರೆ ಓಂಕಾರ ಅಂದೇ ಗಾಡಿ ಹತ್ತಿ ಓಡುತ್ತಿದ್ದ. ಅವನು ಫೋನಿನಲ್ಲಿದ್ದ.

"ಈ ಬೂದಿ ಬಣ್ಣದ್ದು ತಗೋರಿ ಅಣ್ಣಾರ. ಸ್ಟೇಜ್ ಮ್ಯಾಲ ನಿಲ್ಲಾವರಿಗೆ ಇದಽ ಬರೋಬರಿ. ಇದರ ತಾಳದಾಗ ನಿಮ್ಮ ದನಿ ಕೂಡಿಸಬೌದು."

"ಅಂದ್ರ? 'ಓಂಕಾರ ಮೆಲೋಡೀಸ್, ಮೂಡಲಗಿ' ಅಂತ ನಾ ಕೂಗಿದ್ದು ಹಾಡು ಮುಗಿಯೂ ಹೊತ್ತಿಗೆ ಬರತೈತೇನು?"

"ಯಾಕ ಬರೂದಿಲ್ರಿ? ಎಂಡಿಂಗ್ ಒತ್ತಿದ್ರ ಸಾಕು, ಕಟ್ಟಿದವರ ಹೆಸರು ಊರಿಗೆಲ್ಲ ಕೇಳತೈತಿ."

ಓಂಕಾರ ಸ್ಟೂಲಿನಿಂದ ಎದ್ದೇಬಿಟ್ಟ. ತನ್ನ ಹೆಸರನ್ನು ತಾನೇ ಹೇಳಿ ಹೇಳಿ ದಣಿದಿದ್ದ ಮನುಷ್ಯ. ಇನ್ನು ಯಂತ್ರ ಹೇಳುತ್ತದೆಂದರೆ ಬಿಡುತ್ತಾನೆಯೇ? ಅವನು ಅದನ್ನು ಗಾಡಿಗೆ ಏರಿಸಲು ಹೋದಾಗ ಖಂಡೆಪ್ಪ ಕಾಕಾ ಮೆಲ್ಲಗೆ ಕೇಳಿದ, "ಯವ್ವಾ, ಹಾಡು ಕಟ್ಟಾಕ ಕರೇದಲ್ಲೇನು ಚಲೋ?"

"ಹೌದ್ರಿ ಕಾಕಾ. ಆದ್ರ ಇವರಿಗೆ ಹಾಡು ಕಟ್ಟೂದು ಎಲ್ಲೈತಿ?"

ಕಾಕಾ ಅವಳ ಮುಖ ನೋಡಿದ, ಗಾಡಿಯ ಕಡೆ ನೋಡಿದ, ಕರಿಯದರ ವೈರು ಸುತ್ತಿಟ್ಟ. ಧುಪದಾಳದ ಹಾಡು ಅವನ ಅಂಗಡಿಯಲ್ಲೂ ನೂರು ಸಲ ಮೊಳಗಿತ್ತು.

ಆಮೇಲೆ ಮಯೂರಿ ಮಾಡಿದ ಕೆಲಸವನ್ನು ನೋಡಬೇಕಿತ್ತು. ಓಂಕಾರ ಆ ಕೀಬೋರ್ಡನ್ನು ತಾನೇ ತಂದು ಆಕೆಯ ಮನೆಯಲ್ಲಿ ಇಟ್ಟ. ಮೈಕಿನ ಮುಂದೆ ಎದೆಯುಬ್ಬಿಸಿ ತನ್ನ ಕೂಗನ್ನೂ ತುಂಬಿಸಿದ. ಮಯೂರಿ ಅವನ ಬೇರೆ ಹಾಡುಗಳ ಮುಕ್ತಾಯಕ್ಕೆಲ್ಲ ಆ ಕೂಗನ್ನು ಚೊಕ್ಕವಾಗಿ ಕೂಡಿಸಿದಳು. ಧುಪದಾಳದ ಹಾಡಿಗೆ ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡಳು. ಗಿರಣಿ ನಿಂತ ಮಧ್ಯಾಹ್ನದ ಹೊತ್ತು ನೋಡಿ, ತನ್ನದೇ ದನಿಯಲ್ಲಿ ಆ ಕಡೆಯ ನುಡಿಯನ್ನು ಹಾಡಿದಳು. ಇಡೀ ಸಾಲನ್ನು ಒಂದೇ ತುಂಡಾಗಿ ಇಡಲಿಲ್ಲ. ಒಂದೊಂದು ಮಾತನ್ನೂ ಬೇರೆ ಬೇರೆ ಕತ್ತರಿಸಿ, ಒಂದೊಂದು ಏಟಿನ ಮೇಲೆ ಒಂದೊಂದನ್ನು ಕೂರಿಸಿದಳು. ಗತಿ ಎಷ್ಟೇ ಇಳಿಯಲಿ, ಮಾತು ಕೆಡಬಾರದು, ನೋಡಿ. ಗೊಮ್ಮಟೇಶ ಬಾಗಿಲ ಸಂದಿಯಿಂದ ಕೇಳಿಸಿಕೊಂಡ. "ಇದು ಬೇಕೇನು?" ಎಂದ.

"ನಮ್ಮಪ್ಪ ತಲಿ ತಗ್ಗಿಸಿ ಬಸದಿ ಕಟ್ಟಿಯಿಂದ ಎದ್ದು ಬಂದಾರ್ರಿ," ಎಂದಳು. ಗೊಮ್ಮಟೇಶ ಅಂದು ಸಂಜೆಯವರೆಗೆ ಗಿರಣಿ ಚಾಲೂ ಮಾಡಲಿಲ್ಲ. ಹಿಟ್ಟಿಗೆ ಬಂದವರಿಗೆ ಬೆಲ್ಟು ಹರಿದಿದೆ ಎಂದು ಸುಳ್ಳು ಹೇಳಿದ, ಆ ಪುಣ್ಯಾತ್ಮ!

ಇಂದು ನಾಳೆ ಎಂದು ಸತಾಯಿಸಿ, ಮಯೂರಿ ಕೀಬೋರ್ಡನ್ನು ಕೊಟ್ಟದ್ದು ಹುಕ್ಕೇರಿಯ ಒಂದು ಮದುವೆಯ ಮುಂಜಾನೆ. ದೊಡ್ಡ ರೈತರ ಮನೆಯ ಮದುವೆ, ಅಕ್ಷತೆ ಬಿದ್ದ ಮೇಲೆ ಮಂಟಪದಲ್ಲೇ ಓಂಕಾರನ ಹಾಡುಗಳು. ಓಂಕಾರ ಗಡಿಬಿಡಿಯಲ್ಲಿ ಒಂದು ಹಾಡಿನ ಎಂಡಿಂಗ್ ಒತ್ತಿ ನೋಡಿದ. 'ಓಂಕಾರ ಮೆಲೋಡೀಸ್, ಮೂಡಲಗಿ!' ಎಂದು ಪೆಟ್ಟಿಗೆ ಗರ್ಜಿಸಿತು. ಖುಷಿಗೆ ಅವನ ಮೀಸೆ ಕುಣಿಯಿತು. "ಎಲ್ಲಾದಕ್ಕೂ ಹಾಕೀದಿ?"

"ಎಲ್ಲಾದಕ್ಕೂ ಹಾಕೇನ್ರಿ. ಧುಪದಾಳದ ಪದಕ್ಕ ಜರಾ ಉದ್ದ ಐತಿ. ದೊಡ್ಡ ಪದಾ ಅಲ್ಲೇನ್ರಿ?"

ಅಕ್ಷತೆ ಬಿತ್ತು. ಮಂಟಪ ಕಿಕ್ಕಿರಿದಿತ್ತು. ನೇಮಣ್ಣ ಬೀಗರ ಸಾಲಿನ ಹಿಂದೆ, ಕಂಬದ ಬಾಜೂ ಕೂತಿದ್ದ. ಓಡಾಡಲು ಕಾಲು ಬರುವುದಿಲ್ಲ ಎಂದು ನೆಪ ಹೇಳಿದ್ದವನನ್ನು ಮಗಳೇ ಕೈಹಿಡಿದು ಕರೆತಂದು ಕೂರಿಸಿದ್ದಳು. ಬಸದಿಯ ಕಟ್ಟೆಯಲ್ಲಿ ಕಿಸಕ್ಕನೆ ನಕ್ಕವನೂ ಎರಡು ಕುರ್ಚಿ ಆಚೆ ಇದ್ದ. ಮಯೂರಿ ಹೆಂಗಸರ ಕಡೆ ಗೋಡೆಗೊರಗಿ ನಿಂತಳು.

"ಈಗ ನಿಮ್ಮೆಲ್ಲಾರ ಮೆಚ್ಚಿನ, ನಾನಽ ಕಟ್ಟಿದ ಪದಾ!" ಎಂದು ಕೂಗಿ ಓಂಕಾರ ಧುಪದಾಳದ ಹಾಡು ಎತ್ತಿದ. ಹುಡುಗರು ಟವೆಲ್ ಬೀಸಿ ಕುಣಿದರು, ಮದುಮಗನೂ ಕೂತಲ್ಲೇ ಭುಜ ಕುಣಿಸಿದ. ಕದ್ದ ನುಡಿ ಹಾಡಿ ಮುಗಿಸಿ, ಜಾಣ ಎಂದು ತನ್ನ ಎದೆಯನ್ನು ತಾನೇ ತಟ್ಟಿಕೊಂಡು, ಓಂಕಾರ ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಎಂಡಿಂಗ್ ಗುಂಡಿಯನ್ನು ಠೀವಿಯಿಂದ ಒತ್ತಿದ.

ಹಲಗೆ ಗುಡುಗಿತು. ಅದರ ಬೆನ್ನಿಗೇ ಮಂಟಪದ ನಾಲ್ಕೂ ಸ್ಪೀಕರುಗಳಿಂದ ಒಂದು ಹೆಣ್ಣುದನಿ ಎದ್ದಿತು: 'ಊರು ಕಲ್ಲೋಳಿ, ಗಿರಣಿಯ ಓಣಿ...'

ಮೇಲೆತ್ತಿದ ಕೈ ಮೇಲೇ ಉಳಿಯಿತು. ಓಂಕಾರನ ಮುಖದ ಬಣ್ಣ ಇಳಿಯಿತು. ನಿಲ್ಲಿಸಬೇಕೆಂದು ಗಾಬರಿಯಲ್ಲಿ ಅದೇ ಗುಂಡಿಯನ್ನು ಮತ್ತೊಮ್ಮೆ ಗುದ್ದಿದ.

ಗುದ್ದು ಮಗನೇ, ಗುದ್ದು! ಮಯೂರಿ ಗೋಡೆಗೆ ಬೆನ್ನು ಒತ್ತಿ ಹಿಡಿದು ನಿಂತಿದ್ದಳು.

ತಾಳದ ಗತಿ ಇಳಿಯಿತು. ಒಂದೊಂದು ಏಟು, ಒಂದೊಂದು ಮಾತು. 'ಪದಾ...' ಕುಣಿಯುತ್ತಿದ್ದ ಹುಡುಗರು ನಿಂತರು. 'ಕಟ್ಟ್ಯಾಳೋ...' ಮಂಟಪವೆಲ್ಲ ಕಿವಿಯಾಯಿತು. 'ಮಯೂರಿ...' ಗಂಟೆ ಹೊಡೆದಷ್ಟು ಸ್ಪಷ್ಟ. 'ಜಾಣಿ.'

ಬೀಗರ ಕಡೆಯ ಹಿರಿಯಾಕೆಯೊಬ್ಬಳು ಗಟ್ಟಿಯಾಗಿಯೇ ಅಂದಳು, "ನೋಡು, ಈಗ ಪದಾ ಸರಿ ಕೂಡಿತು! ಓಣಿಗೆ ಜಾಣಿ! ಯಾರವ್ವಾ ಈ ಮಯೂರಿ?"

ಕಂಬದ ಬಾಜೂ ನೇಮಣ್ಣ ಎದ್ದು ನಿಂತ. ಬಾರದ ಕಾಲು ಎಲ್ಲಿಂದ ಬಂದವೋ! "ನನ್ನ ಮಗಳು," ಎಂದ. ಎರಡು ಕುರ್ಚಿ ಆಚೆ ಇದ್ದವನ ಕಡೆ ತಿರುಗಿ ಮತ್ತೊಮ್ಮೆ ಅಂದ, "ನನ್ನ ಮಗಳು."

ಚಪ್ಪಾಳೆ ಬಿತ್ತು. ಹುಡುಗರು "ಕಡೀ ನುಡಿ ಇನ್ನೊಮ್ಮೆ!" ಎಂದು ಕೂಗಿದರು. ಮದುಮಗಳ ತಂದೆಯೇ ವೇದಿಕೆಯ ಹತ್ತಿರ ಬಂದು, "ಹಚ್ರಿ ಓಂಕಾರಣ್ಣಾ, ಚಂದ ಐತಿ," ಎಂದರೆ ಇವನು ಏನು ಮಾಡಬೇಕು? ಮದುವೆಯ ಮನೆಯಲ್ಲಿ ಹಿರಿಯರ ಮಾತು ತೆಗೆದುಹಾಕಲಾದೀತೇ? ಬೆವರು ಒರೆಸಿಕೊಂಡು ಮತ್ತೆ ಒತ್ತಿದ. ನೂರಾರು ಫೋನುಗಳು ಮೇಲೆದ್ದವು.

ಊಟದ ಹೊತ್ತಿಗೆ ಓಂಕಾರ ಮಂಟಪದ ಹಿಂಬದಿಯಲ್ಲಿ ಮಯೂರಿಯನ್ನು ಅಡ್ಡಗಟ್ಟಿದ. ದನಿಯಲ್ಲಿ ಬೆಲ್ಲ ಉಳಿದಿರಲಿಲ್ಲ. "ಮರ್ಯಾದಿ ತಗದಿ ನೀ. ತೆಗಿ ಅದನ್ನ, ಈಗಿಂದೀಗ ತೆಗಿ."

"ತೆಗೀತೇನ್ರಿ. ತಾಳಾನೂ ನಂದು, ಧಾಟಿನೂ ನಂದು. ಬರೇ ಹೆಸರು ತೆಗೀಲೋ, ಎಲ್ಲಾ ತೆಗೀಲೋ?"

"ಮೊದಲಽ ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಿದ್ರ ಹಾಕತಿದ್ನಲ್ಲ!"

"ಹೇಳಿದ್ನಲ್ರಿ. ಪದಾ ಹಗುರ ಆಕ್ಕೈತಿ ಅಂದ್ರಿ. ಈಗ ನೋಡಿದ್ರಲ್ಲ, ಎಷ್ಟು ಭಾರ ಆಗೈತಿ."

ಮಂಟಪದಲ್ಲಿ ಜನ ತೆಗೆದ ವಿಡಿಯೋ ಅಷ್ಟರಲ್ಲೇ ಗೋಕಾಕ ದಾಟಿತ್ತು. ಮುಂದಿನ ಮದುವೆಗಳಲ್ಲಿ ಓಂಕಾರ ಆ ಹಾಡನ್ನು ಬಿಟ್ಟು ನೋಡಿದ, ಜನ ಬಿಡಲಿಲ್ಲ. ಹಳೆಯ ಕೀಬೋರ್ಡಿನಲ್ಲಿ ನುಡಿಸಿ ನೋಡಿದ. 'ಜಾಣಿ ಎಲ್ಲಿ, ಜಾಣಿ ಎಲ್ಲಿ' ಎಂದು ಕೂಗಿದರು. ಕೊನೆಗೆ ಮೂಡಲಗಿಯಲ್ಲಿ, ತನ್ನ ಸ್ವಂತ ಬಜಾರದ ಓಣಿಯ ಮದುವೆಯಲ್ಲಿ, ಕಡೆಯ ನುಡಿಯನ್ನು ಮಯೂರಿಯ ಹೆಸರಿನಲ್ಲಿ ತನ್ನ ಬಾಯಿಂದಲೇ ಹಾಡಿದ. ಸುದ್ದಿ ತಂದವರಿಗೆ ಮಯೂರಿ ಚಹಾದ ಜೊತೆ ಚಕ್ಕುಲಿಯನ್ನೂ ಕೊಟ್ಟಳು. ಹಾಲು ಕುಡಿದಷ್ಟು ಸಂತೋಷವಾಗಿತ್ತು, ಮುಚ್ಚಿಡುವುದು ಯಾಕೆ?

ಮಳೆಗಾಲ ಕಳೆದು ಮತ್ತೆ ಕ್ಷಮಾವಾಣಿ ಬಂತು. ಮಯೂರಿ ಅತ್ತೆಗೆ, ಓಣಿಗೆ, ಕಾಯಿಪಲ್ಲೆಯವಳಿಗೆ ಕ್ಷಮೆ ಕೇಳಿ ಮುಗಿಸಿದಳು. ಆಮೇಲೆ ಗಂಡನ ಎದುರೇ ಕೂತು ಮೂಡಲಗಿಗೆ ಫೋನ್ ಹಚ್ಚಿದಳು. ಮಾಡುವುದನ್ನು ಮಾಡಿಯಾಗಿತ್ತು. ಇನ್ನು ಕೇಳುವುದಕ್ಕೆ ಅಡ್ಡಿಯಿರಲಿಲ್ಲ.

"ಉತ್ತಮ ಕ್ಷಮಾ, ಓಂಕಾರಣ್ಣಾರ. ನನ್ನಿಂದ ನಿಮಗ ನೋವಾಗಿದ್ರ ಕ್ಷಮಾ ಮಾಡ್ರಿ."

ಗೊಮ್ಮಟೇಶ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತ. ಕೊನೆಗೆ ಓಂಕಾರ ಗಂಟಲಲ್ಲೇ ಗೊಣಗಿದ, "ಹೂಂ... ಮಾಡೇನಿ, ಮಯೂರಿ."

ಮಯೂರಿಗೆ ಕೇಳಿಸಿತ್ತು. ಒಂದೊಂದು ಅಕ್ಷರವೂ ಕೇಳಿಸಿತ್ತು.

"ಏನಂದ್ರಿ? ಕೇಳಸಲಿಲ್ರಿ ಅಣ್ಣಾರ," ಎಂದಳು. "ಹೆಸರು ಹಿಡಿದು ಇನ್ನೊಮ್ಮೆ ಹೇಳ್ರಿ. ನಿಧಾನಕ."